ಕೆಚ್ಚಲು ಮುಟ್ಟಿ ನೋಡಿದ ಬಟ್ಟೆ ವ್ಯಾಪಾರಿ

"ಅಜ್ಜಾರೇ, ದನ ಸಾಕಿ ಗೊತ್ತಿಲ್ಲದವರು ತಮ್ಮ ಮೊದಲ ಹಸುವನ್ನು ಹರಾಜಿನಲ್ಲಿ ಕೊಳ್ಳಬಹುದೇ?"

ಮಠದ ಮರಿ ಶಿಷ್ಯ ಕೊಟ್ರಯ್ಯ ಹೀಗೆ ಕೇಳಿದ. ಹೊರಗೆ ಜಗಲಿಯ ಮೇಲೆ ಗಂಡಹೆಂಡತಿ ಇಬ್ಬರು ಕುಳಿತಿದ್ದಾರೆ, ಹೊಸದಾಗಿ ಹಸು ಕಟ್ಟಬೇಕೆಂದಿದ್ದಾರೆ, ಮಠದಿಂದ ಒಂದು ಮಾತು ಕೇಳಿಕೊಂಡು ಹೋಗಲು ಬಂದಿದ್ದಾರೆ ಎಂದೂ ಹೇಳಿದ.

ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರು ಅವನನ್ನು ಒಮ್ಮೆ ನೋಡಿದರು. "ಕುಳಿತುಕೋ. ಇದು ನಿಂತು ಕೇಳುವ ಕತೆಯಲ್ಲ. ನಡುವೆ ಬಾಯಿ ಹಾಕಬೇಡ, ಆ ಚಾಳಿ ನಿನಗಿದೆ," ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಬಟ್ಟೆಯ ವಿಷಯದಲ್ಲಿ ಅವನಿಗೆ ಮೋಸ ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ. ಕಣ್ಣು ಮುಚ್ಚಿ ಮುಟ್ಟಿದರೂ ಇದು ಇಂಥ ಊರಿನ ಮಗ್ಗದ್ದು ಎಂದುಬಿಡುತ್ತಿದ್ದ. ಏನೂ ತಿಳಿಯದ ಗಿರಾಕಿಗಳು ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ, ತಲೆಯಾಡಿಸಿ, 'ಹೂಂ, ಪರವಾಗಿಲ್ಲ' ಎನ್ನುವುದನ್ನು ಕಂಡು ಒಳಗೊಳಗೇ ನಗುತ್ತಿದ್ದ. ಐವತ್ತು ದಾಟಿದ ಮೇಲೆ ಅವನಿಗೆ ಹಸು ಸಾಕುವ ಹುಚ್ಚು ಹಿಡಿಯಿತು. ಅದರಲ್ಲಿ ತಪ್ಪೇನಿಲ್ಲ. ಹುಚ್ಚು ಯಾವ ವಯಸ್ಸಿನಲ್ಲಿ ಬೇಕಾದರೂ ಹಿಡಿಯಬಹುದು.

ಆ ಸೀಮೆಯ ಒಂದು ಗುಡಿಯಲ್ಲಿ, ಹರಕೆಗೆಂದು ಭಕ್ತರು ಬಿಟ್ಟುಹೋದ ದನಗಳನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಿದ್ದರು. ದೇವರಿಗೆ ಎಂದಾಗ ಕೆಲವರು ಮನೆಯಲ್ಲಿರುವ ಒಳ್ಳೆಯ ಹಸುವನ್ನೇ ಬಿಡುತ್ತಾರೆ. ಕೆಲವರು ಮನೆಗೆ ಬೇಡವಾದದ್ದನ್ನು ಬಿಡುತ್ತಾರೆ. ದೇವರು ಹಲ್ಲು ಎಣಿಸಿ ವಯಸ್ಸು ನೋಡುವುದಿಲ್ಲವಲ್ಲ! ಸಂತೆಯಲ್ಲಾದರೆ ಸಾಕಿದವನು ಹಗ್ಗ ಹಿಡಿದು ಎದುರಿಗೆ ನಿಂತಿರುತ್ತಾನೆ. ಸುಳ್ಳು ಹೇಳಿದರೂ ಅವನ ಮುಖ ನೋಡಬಹುದು. ಇಲ್ಲಿ ಯಾವ ಹಸು ಯಾರ ಮನೆಯದು, ಏಕೆ ಬಿಟ್ಟರು ಎಂದು ಹೇಳುವವರೇ ಇಲ್ಲ. ಹರಾಜು ಕೂಗುವವನಿಗೆ ಕೂಗುವುದಷ್ಟೇ ಗೊತ್ತು. ಅದಕ್ಕೇ ಅಲ್ಲೊಂದು ಪದ್ಧತಿ ಮಾಡಿದ್ದರು. ಕೂಗು ಶುರುವಾಗುವ ಮೊದಲು ಒಂದು ಗಂಟೆ ಹೊತ್ತು ಯಾರು ಬೇಕಾದರೂ ಹಸುವಿನ ಬಾಯಿ ಬಿಡಿಸಿ ನೋಡಬಹುದು, ನಡೆಸಿ ನೋಡಬಹುದು, ಅಂಗೈಗೆ ಎರಡು ಧಾರೆ ಹಾಲು ಹಿಂಡಿ ನೋಡಬಹುದು. ಒಮ್ಮೆ ಹಗ್ಗ ಕೈಗೆ ಬಂತೆಂದರೆ ವಾಪಸು ಎಂಬ ಮಾತಿಲ್ಲ.

ವ್ಯಾಪಾರಿ ಆ ಹರಾಜಿಗೆ ಹೊರಟ. "ಬಲ್ಲವರೊಬ್ಬರನ್ನು ಜೊತೆಗೆ ಕರಕೊಂಡು ಹೋಗ್ರಿ," ಎಂದು ಹೆಂಡತಿ ಹೇಳಿದಳು. ಊರಿಗೆಲ್ಲ ವ್ಯವಹಾರ ಹೇಳಿಕೊಡುವವನು ತಾನು, ತನಗೊಬ್ಬ ಹೇಳಿಕೊಡುವವನು ಬೇಕೇ ಎಂದು ಒಬ್ಬನೇ ಹೋದ. ತಲೆಗೆ ರುಮಾಲು ಸುತ್ತಿದ್ದ, ಕೈಯಲ್ಲೊಂದು ಬೆತ್ತ ಹಿಡಿದಿದ್ದ. ಬಲ್ಲವರು ಏನೇನು ಮಾಡುತ್ತಾರೆ ಎಂದು ಸ್ವಲ್ಪ ಹೊತ್ತು ದೂರದಿಂದ ನೋಡಿದ. ಆಮೇಲೆ ತಾನೂ ಹಾಗೆಯೇ ಮಾಡತೊಡಗಿದ.

ಮೊದಲ ಹಸುವಿನ ಬಾಯಿ ಬಿಡಿಸಿದ. ಮೇಲಿನ ದವಡೆಯ ಮುಂಭಾಗದಲ್ಲಿ ಒಂದೂ ಹಲ್ಲಿರಲಿಲ್ಲ. ಪಾಪ, ಮುದಿ ಹಸು, ಎಲ್ಲ ಉದುರಿವೆ ಎಂದುಕೊಂಡು ಮುಂದೆ ಹೋದ. ಎರಡನೆಯದಕ್ಕೂ ಇರಲಿಲ್ಲ. ಮೂರನೆಯದು ಎಳೆಯ ಕಡಸು, ಅದಕ್ಕೂ ಇರಲಿಲ್ಲ. ಆಗ ಅವನಿಗೆ ಅನುಮಾನ ಬಂತು. ದನಕ್ಕೆ ಅಲ್ಲಿ ಹಲ್ಲು ಹುಟ್ಟುವುದೇ ಇಲ್ಲ, ಕೊಟ್ರಯ್ಯಾ. ಐವತ್ತು ವರ್ಷ ಹಾಲು ಕುಡಿದವನಿಗೆ ಅದು ಗೊತ್ತಿರಲಿಲ್ಲ. ಅವನ ಕಿವಿ ಬಿಸಿಯಾಯಿತು. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ. ಯಾರೂ ನೋಡಿರಲಿಲ್ಲ. ನೋಡಿ ನಕ್ಕಿದ್ದರೆ ಚೆನ್ನಾಗಿತ್ತು, ಅವನು ಆಗಲೇ ಮನೆಗೆ ಹೋಗುತ್ತಿದ್ದ.

ಬದಲಿಗೆ ಏನಾಯಿತು? ಅವನ ರುಮಾಲು, ಬೆತ್ತ, ಬಿಗಿದ ಮುಖ ಕಂಡು ನಾಲ್ಕಾರು ಜನ ಬಂದು ಅವನ ಹಿಂದೆ ನಿಂತರು. ಅವರೂ ಹೊಸಬರೇ. ಹೊಸಬರಿಗೆ ಇನ್ನೇನು ದಾರಿಯಿದೆ? ಬಲ್ಲವನಂತೆ ಕಾಣುವವನ ಹಿಂದೆ ಹೋಗುತ್ತಾರೆ. ಅವನು ಹಸುವಿನ ಬಾಲ ಎತ್ತಿದರೆ ಅವರು ಬಗ್ಗಿ ನೋಡಿದರು, ಅವನು ತಲೆಯಾಡಿಸಿದರೆ ಅವರೂ ಆಡಿಸಿದರು. ಅವನಿಗೆ ಇದು ಹಿತವಾಯಿತು. ಆಗಷ್ಟೇ ಬಂದಿದ್ದ ನಾಚಿಕೆ ಹೋಯಿತು. ಹೋಗಬಾರದ ಹೊತ್ತಿನಲ್ಲಿ ಹೋಯಿತು.

ಆ ಗುಂಪಿನಲ್ಲಿ ಬುಟ್ಟಿ ಹೆಣೆಯುವ ಒಬ್ಬ ಹೆಣ್ಣುಮಗಳಿದ್ದಳು. ಅವಳ ಮಗಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮೂರು ತಿಂಗಳ ಮೊಮ್ಮಗಳು ಇವಳ ಮಡಿಲಿಗೆ ಬಂದಿತ್ತು. ಕೂಸಿನ ಹಾಲಿಗೆಂದು ತನ್ನ ಬೆಂಡೋಲೆ ಮಾರಿ ಬಂದಿದ್ದಳು. ಕಿವಿಯ ತೂತಿನಲ್ಲಿ ಬೇವಿನ ಕಡ್ಡಿಗಳಿದ್ದವು. ಅವಳು ಒಂದು ಕಂದು ಹಸುವಿನ ಮುಂದೆ ನಿಂತು ವ್ಯಾಪಾರಿಯನ್ನು ಕರೆದಳು.

"ಅಣ್ಣಾರ, ನೀವು ಬಲ್ಲವರು ಇದ್ದಂಗ ಕಾಣ್ತೀರಿ. ನಾನು ದನ ಕಟ್ಟಿದಾಕಿ ಅಲ್ಲ. ಮನೆಯಾಗ ತಾಯಿ ಇಲ್ಲದ ಕೂಸೈತಿ. ಈ ಆಕಳು ಆದೀತೇನ್ರಿ? ಒಂಚೂರು ನೋಡಿ ಹೇಳ್ರಿ."

ನಾನೂ ಹೊಸಬನೇ ತಂಗಿ ಎಂದಿದ್ದರೆ ಮುಗಿಯುತ್ತಿತ್ತು. ಎಷ್ಟು ಮಾತು ಅದು? ಮೂರು ಮಾತು. ಆದರೆ ಹಿಂದೆ ಜನ ನಿಂತಿದ್ದರು. ಅವನು ಬಗ್ಗಿ ಕೆಚ್ಚಲಿಗೆ ಕೈ ಹಾಕಿದ. ಕೆಚ್ಚಲು ಬಿಸಿಯಾಗಿತ್ತು, ಕಲ್ಲಿನಂತೆ ಗಟ್ಟಿಯಾಗಿತ್ತು. ಕೈ ತಾಗಿದೊಡನೆ ಹಸು ನಡುಗಿ ಕಾಲು ಎತ್ತಿತು. ಅಂಗೈಗೆ ಹಿಂಡಿ ನೋಡಲು ಅವನಿಗೆ ಬರುತ್ತಿರಲಿಲ್ಲ. ಹಿಂಡಲು ಹೋಗಿ ಹಾಲು ಬರದಿದ್ದರೆ ಎಲ್ಲರೆದುರು ಮಾನ ಹೋಗುತ್ತದೆ ಎಂದು ಕೈ ತೆಗೆದ. ಎದ್ದುನಿಂತು ರುಮಾಲು ಸರಿಮಾಡಿಕೊಂಡ.

"ತಗೋ ತಂಗಿ. ಕೆಚ್ಚಲು ತುಂಬಿ ಬಿಗಿದೈತಿ. ಆಕಳು ಚುರುಕೈತಿ. ನಿನ್ನ ಕೂಸಿಗೆ ಅಷ್ಟೇ ಅಲ್ಲ, ಓಣಿಗೆಲ್ಲ ಹಾಲು ಹಾಕಬಹುದು," ಎಂದ.

ಅವಳು ಹರಾಜಿನಲ್ಲಿ ಬೆಲೆ ಕೂಗಿದಳು. ಅವಳ ಮೇಲೆ ಬೇರೆ ಯಾರೂ ಕೂಗಲಿಲ್ಲ. ಬಲ್ಲವರೆಲ್ಲ ಸುಮ್ಮನಿದ್ದರು. ಅದು ತನ್ನ ಪುಣ್ಯ ಎಂದುಕೊಂಡಳು. ಹಗ್ಗ ಹಿಡಿದು, ವ್ಯಾಪಾರಿಗೆ ಕೈ ಮುಗಿದು, ಹಸು ಹೊಡೆದುಕೊಂಡು ಹೋದಳು.

ಅವನು ಯಾವ ಹಸು ಕೊಂಡ ಎಂದು ಕೇಳುತ್ತೀಯೇನೋ. ಯಾವುದನ್ನೂ ಕೊಳ್ಳಲಿಲ್ಲ. ತನ್ನ ದುಡ್ಡು ಹಾಕುವ ಹೊತ್ತಿಗೆ ಧೈರ್ಯ ಸಾಲಲಿಲ್ಲ. ಇನ್ನೊಬ್ಬರಿಗೆ ಹೇಳುವಾಗ ಮಾತ್ರ ಬೇಕಾದಷ್ಟಿತ್ತು. ಈ ಸಲ ಒಳ್ಳೆಯ ದನ ಬಂದಿರಲಿಲ್ಲ ಎಂದು ಮನೆಯಲ್ಲಿ ಹೇಳಿದ.

ಎಂಟು ದಿನದ ಮೇಲೆ ಆ ಹೆಣ್ಣುಮಗಳು ಅವನ ಅಂಗಡಿಯನ್ನು ಹುಡುಕಿಕೊಂಡು ಬಂದಳು. ಅವಳನ್ನು ಕಂಡು ಜಗಳಕ್ಕೆ ಬಂದಳು ಎಂದುಕೊಂಡ. ಜಗಳಕ್ಕೆ ಬಂದಿದ್ದರೆ ಅವನೂ ಎರಡು ಮಾತು ಆಡಿ ಗೆಲ್ಲುತ್ತಿದ್ದ, ವ್ಯಾಪಾರಿಯಲ್ಲವೇ. ಅವಳು ಹೊರಗೇ ನಿಂತು ಸಣ್ಣ ದನಿಯಲ್ಲಿ ಹೇಳಿದಳು.

"ಅಣ್ಣಾರ, ನನ್ನ ಕೈ ಸರಿ ಇಲ್ಲ ಕಾಣ್ತೈತಿ. ಹಿಂಡಿದರ ರಕ್ತ ಬರ್ತೈತ್ರಿ. ಅಂಥಾ ಚಲೋ ಆಕಳನ್ನ ನಾನೇ ಕೆಡಿಸಿದೆ. ಹ್ಯಾಂಗ ಹಿಂಡಬೇಕು, ಒಮ್ಮೆ ಬಂದು ತೋರಿಸಿಕೊಡ್ರಿ."

ಕೇಳಿದೆಯಾ? ತಪ್ಪು ತನ್ನದು ಎಂದುಕೊಂಡು ಬಂದಿದ್ದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವನು ಆಗಲೂ ಹೇಳಲಿಲ್ಲ. 'ನಡಿ, ನೋಡೋಣ' ಎಂದು ಅವಳ ಹಿಂದೆ ಹೊರಟ. ದಾರಿಯುದ್ದಕ್ಕೂ ಹೇಳಿಬಿಡಬೇಕು ಎಂದುಕೊಂಡ, ದಾರಿಯುದ್ದಕ್ಕೂ ಬಾಯಿ ಬರಲಿಲ್ಲ.

ಅವಳ ಮನೆಯಲ್ಲಿ ಕೂಸು ಗಂಜಿಯ ತಿಳಿಯಲ್ಲಿ ಅದ್ದಿದ ಬಟ್ಟೆಯ ಚೂರನ್ನು ಚೀಪುತ್ತಿತ್ತು. ಅಳಲೂ ಅದಕ್ಕೆ ಕಸುವಿರಲಿಲ್ಲ. ಹಸು ಹಿಂಗಾಲು ಅಗಲಿಸಿ ನಿಂತಿತ್ತು. ಅವಳು ತಂಬಿಗೆ ತಂದು ಅವನ ಕೈಗೆ ಕೊಟ್ಟಳು. ಅವನು ಹಸುವಿನ ಪಕ್ಕದಲ್ಲಿ ಕುಳಿತ. ಕೈ ಚಾಚಿದ. ಹಸು ಒದ್ದ ಒದೆ ಎದೆಗೆ ಬಿತ್ತು. ಸಗಣಿಯಲ್ಲಿ ಅಂಗಾತ ಬಿದ್ದ. ಅವಳು ಓಡಿಬಂದು ಎಬ್ಬಿಸಿ, ತನ್ನ ಸೆರಗಿನಿಂದಲೇ ಅವನ ಮೈ ಒರೆಸುತ್ತಾ, 'ತಪ್ಪಾತ್ರಿ ಅಣ್ಣಾರ, ತಪ್ಪಾತ್ರಿ' ಎಂದಳು.

ಅದನ್ನು ಅವನಿಂದ ತಡೆಯಲಾಗಲಿಲ್ಲ. "ತಂಗಿ, ನನಗ ಹಿಂಡಾಕ ಬರಂಗಿಲ್ಲ. ದನದ್ದು ನನಗ ಏನೂ ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ," ಎಂದ. ಹೇಳುವಾಗ ಅವಳ ಮುಖ ನೋಡಲಾಗದೆ ನೆಲ ನೋಡುತ್ತಿದ್ದ.

ಅವಳ ಕೈ ನಿಂತಿತು. ಸೆರಗನ್ನು ಹಿಂದಕ್ಕೆ ಎಳೆದುಕೊಂಡಳು. "ಮತ್ಯಾಕ ಹೇಳಿದ್ರಿ?" ಎಂದು ಕೇಳಿದಳು. ಬೈಯಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು.

ನಾಚಿಕೆಯಿಂದ ಅವನ ಮೈಯೆಲ್ಲ ಉರಿಯಿತು. ಹಲ್ಲು ನೋಡುವಾಗ ಆದದ್ದು ನಾಚಿಕೆಯೇ ಅಲ್ಲ ಎಂದು ಆಗ ಗೊತ್ತಾಯಿತು. ಅದು ಬರೀ ಜನ ನೋಡಿಯಾರು ಎಂಬ ಭಯ. ಇದು ಯಾರೂ ನೋಡದಿದ್ದರೂ ಇರುವಂಥದ್ದು.

ಹಸುವಿನ ಬೆಲೆಯನ್ನು ಅವಳಿಗೆ ಕೊಡಲು ಹೋದ. ಅವಳು ತಿರಸ್ಕರಿಸಿದಳು ಎಂದರೆ ಕತೆ ಕೇಳಲು ಚೆನ್ನಾಗಿರುತ್ತದೆ. ತಿರಸ್ಕರಿಸಲಿಲ್ಲ, ತೆಗೆದುಕೊಂಡಳು. ಕೂಸಿಗೆ ಹಾಲು ಬೇಕಲ್ಲ! ಅದೇ ಸಂಜೆ ಅವನು ಒಬ್ಬ ಮುದಿ ಗೌಳಿಯನ್ನು ಕರೆತಂದ. ಗೌಳಿ ಕೆಚ್ಚಲಿನ ಮೇಲೆ ಕೈಯಿಟ್ಟ, ಅಷ್ಟೇ. ಕೆಚ್ಚಲು ಬಾವು, ಎರಡು ಮೊಲೆ ಸತ್ತಿವೆ, ಎರಡನ್ನು ಉಳಿಸಬಹುದು ಎಂದ. "ಅಂಗೈಗೆ ಎರಡು ಧಾರಿ ಹಿಂಡಿದ್ದರ ಅಲ್ಲೇ ಕೆಂಪು ಕಾಣ್ತಿತ್ತು. ನಾನೂ ಆ ಹರಾಜಿನಾಗ ಇದ್ದೆ. ನನ್ನನ್ನ ಯಾರೂ ಕೇಳಲಿಲ್ಲ," ಎಂದ. ಅವನ ತಲೆಗೆ ರುಮಾಲಿರಲಿಲ್ಲ, ಕೈಯಲ್ಲಿ ಬೆತ್ತವಿರಲಿಲ್ಲ. ಯಾರು ಕೇಳುತ್ತಾರೆ?

ಕೂಸು ಬದುಕಿತು, ಹೆದರಬೇಡ. ನೆರೆಯವರ ಮನೆಯ ಹಾಲಿನಲ್ಲಿ ಬೆಳೆಯಿತು. ವ್ಯಾಪಾರಿಯೂ ಅಂಗಡಿ ನಡೆಸಿಕೊಂಡಿದ್ದ. ಆದರೆ ಬುಟ್ಟಿ ಹೊತ್ತು ಅವಳು ಆ ಬೀದಿಗೆ ಬಂದಳೆಂದರೆ ಅವನು ಒಳಗೆ ಎದ್ದುಹೋಗುತ್ತಿದ್ದ. ಸಾಯುವವರೆಗೂ ಹಾಗೇ ಮಾಡಿದ.

ಅಜ್ಜನವರು ಕತೆ ನಿಲ್ಲಿಸಿದರು. ಕೊಟ್ರಯ್ಯ ಏಳುತ್ತಾ ಕೇಳಿದ.

"ಹಾಗಾದರೆ ಅಜ್ಜಾರೇ, ಹೊರಗೆ ಕುಳಿತವರಿಗೆ ಏನು ಹೇಳಲಿ? ಹರಾಜಿನಲ್ಲಿ ಕೊಳ್ಳಿರಿ ಎನ್ನಲೋ, ಬೇಡ ಎನ್ನಲೋ? ಅಜ್ಜಾರ ಬಾಯಿಂದ ಬಂದದ್ದು ಎಂದರೆ ಸಾಕು, ಅವರು ಕಣ್ಣು ಮುಚ್ಚಿ ನಂಬುತ್ತಾರೆ."

"ನಂಬುತ್ತಾರೆ, ಅದಕ್ಕೇ ಹೋಗಿ ಹೇಳು, ನಮ್ಮ ಅಜ್ಜನಿಗೆ ದನದ ವಿಷಯ ಗೊತ್ತಿಲ್ಲವಂತೆ ಎಂದು."