ನಸುಕಿನ ನೀರು ಬೆಚ್ಚಗಿರುವುದು ಯಾಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಆಗ ಮೇಲೆ ಆಕಾಶ, ಕೆಳಗೆ ನದಿ ಎಂದು ಬೇರೆ ಬೇರೆ ಇರಲಿಲ್ಲ. ಎಲ್ಲೆಲ್ಲೂ ಒಂದೇ ಕಪ್ಪು ನೀರು. ಚುಕ್ಕಿಗಳು ಆ ನೀರಿನಲ್ಲೇ ತೇಲುತ್ತಿದ್ದವು. ದಡ ಎಂಬ ಮಾತನ್ನು ಯಾರೂ ಕೇಳಿರಲಿಲ್ಲ.

ಆ ನೀರಿನ ಮೇಲೆ ಜನ ಹರಿಗೋಲುಗಳಲ್ಲಿ ಬದುಕುತ್ತಿದ್ದರು. ಹರಿಗೋಲು ಎಂದರೆ ಬುಟ್ಟಿಯಂತೆ ದುಂಡಗಿನ ದೋಣಿ. ಒಂದು ಹರಿಗೋಲಿನಲ್ಲಿ ಗಾಳೆವ್ವ ಎಂಬ ಮುದುಕಿ, ಅವಳ ತಮ್ಮ ಭರಮಪ್ಪ, ಮೊಮ್ಮಗಳು ಕೆಂಚವ್ವ ಇದ್ದರು. ಮೊದಲು ಕೆಂಚವ್ವನ ಅವ್ವನೂ ಇದ್ದಳು. ಒಂದು ದಿನ ಅವಳು ನೀರಿಗೆ ಬಿದ್ದಳು. ನೀರು ಮುಚ್ಚಿಕೊಂಡಿತು. ಅಷ್ಟೆ.

ಅಂದಿನಿಂದ ಕೆಂಚವ್ವ ಅಂಚಿಗೆ ಗದ್ದ ಊರಿ ನೀರನ್ನೇ ನೋಡುತ್ತ ಕೂತಳು. ಉಣ್ಣು ಅಂದರೆ ಉಣ್ಣಲಿಲ್ಲ. ಮಲಗು ಅಂದರೆ ಮಲಗಲಿಲ್ಲ. ಅವ್ವ ಎಲ್ಲಿಗೆ ಹೋದಳು ಎಂದು ಒಂದೇ ಮಾತು ಕೇಳುತ್ತಿದ್ದಳು. ದಿನದಿನಕ್ಕೆ ಇನ್ನಷ್ಟು ಬಾಗುತ್ತಿದ್ದಳು. ಇನ್ನು ಒಂದು ಗೇಣು ಬಾಗಿದರೆ ಇವಳೂ ಹೋಗುತ್ತಾಳೆ ಎಂದು ಹಿರಿಯರಿಬ್ಬರಿಗೂ ಗೊತ್ತಿತ್ತು.

ಆ ನೀರಿನಲ್ಲಿ ಒಂದು ಸದ್ದು ಇತ್ತು. ದುಬುಕ್. ಸ್ವಲ್ಪ ಬಿಟ್ಟು ಮತ್ತೆ, ದುಬುಕ್. ದೂರದಲ್ಲಿ ಯಾರೋ ಹುಟ್ಟು ಹಾಕಿ ದೋಣಿ ನಡೆಸುವ ಹಾಗೆ. ಆದರೆ ಎಷ್ಟು ನೋಡಿದರೂ ಅಲ್ಲಿ ದೋಣಿ ಇರಲಿಲ್ಲ.

ಗಾಳೆವ್ವ ಆ ಸದ್ದಿಗೆ ದಿನಾ ಕೈ ಮುಗಿಯುತ್ತಿದ್ದಳು. ಭರಮಪ್ಪನಿಗೆ ಕಿವಿ ಮಂದ. ಅದು ಅವನಿಗೆ ಕೇಳಿಸಿಯೇ ಇರಲಿಲ್ಲ. ಅವನ ಹತ್ತಿರ ಗಂಟು ಹಾಕಿದ ಒಂದು ಹಗ್ಗವಿತ್ತು. ಅದರಿಂದ ಚುಕ್ಕಿಯಿಂದ ಚುಕ್ಕಿಗೆ ಎಷ್ಟು ದೂರ ಎಂದು ಅಳೆಯುತ್ತಿದ್ದ. ನಿನ್ನೆ ಏಳು ಗಂಟು ಇದ್ದದ್ದು ಇವತ್ತು ಎಂಟು. ಎಲ್ಲ ಚುಕ್ಕಿಗಳೂ ದೂರ ದೂರ ಸರಿಯುತ್ತಿವೆ, ಹಾಗಾದರೆ ಮೊದಲು ಎಲ್ಲವೂ ಒಂದೇ ಕಡೆ ಒತ್ತಿಕೊಂಡಿದ್ದಿರಬೇಕು ಎಂದು ಅವನು ತಿಳಿದುಕೊಂಡಿದ್ದ.

"ಇದರ ಹುಟ್ಟು ಹುಡುಕಬೇಕು ಅಕ್ಕಾ," ಎಂದ ಭರಮಪ್ಪ. "ಅದು ಸಿಕ್ಕರ ಇವಳವ್ವ ಎತ್ತ ಹೋದಳು ಅನ್ನೋದೂ ತಿಳೀತದ."

"ನಾನೂ ಅದನ್ನೇ ಅನ್ನೋದು. ಆ ಹುಟ್ಟು ಹುಡುಕೋಣ ನಡಿ," ಎಂದಳು ಗಾಳೆವ್ವ.

ಅಕ್ಕ ತಮ್ಮ ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು.

ಗಾಳಿ ಅವರನ್ನು ತಡೆಯಿತು. ನಾನು ಎಲ್ಲ ಕಡೆ ಹೋಗುತ್ತೇನೆ, ಅಲ್ಲಿಗೆ ಮಾತ್ರ ಹೋಗುವುದಿಲ್ಲ ಎಂದಿತು. ಯಾಕೆ ಎಂದು ಕೇಳಿದರೆ, ಅಲ್ಲಿ ಬೀಸಲು ಜಾಗವೇ ಇಲ್ಲ ಎಂದಿತು. ಅವರು ನೀರನ್ನು ಕೇಳಿದರು. ನನಗೂ ನೆನಪಿಲ್ಲ, ನಾನಾಗ ನೀರಾಗಿರಲಿಲ್ಲ ಎಂದು ನೀರು ಹೇಳಿತು.

ಆದರೂ ಹೊರಟರು. ಗಾಳೆವ್ವ ಸದ್ದು ಬಂದ ಕಡೆಗೆ ಎಳೆದಳು. ಭರಮಪ್ಪ ಚುಕ್ಕಿಗಳು ಹೊರಟು ಬಂದ ಕಡೆಗೆ ಎಳೆದ. ಎದುರುಬದುರು ಕೂತು ಒಬ್ಬೊಬ್ಬರು ಒಂದೊಂದು ಕಡೆಗೆ ಎಳೆದರೆ ಹರಿಗೋಲು ಏನು ಮಾಡೀತು? ನಿಂತಲ್ಲೇ ತಿರುಗಿತು. ಕಿವುಡಾ, ಇತ್ತ ಎಳಿ ಎಂದು ಅವಳು ಬೈದಳು. ಸದ್ದಿಗೆ ಕೈ ಮುಗಿದರೆ ದಾರಿ ಸಿಗುವುದಿಲ್ಲ ಎಂದು ಅವನು ಬೈದ. ಬೈದಷ್ಟೂ ಜೋರಾಗಿ ಎಳೆದರು. ಎಳೆದಷ್ಟೂ ಹರಿಗೋಲು ಜೋರಾಗಿ ತಿರುಗಿತು. ಕೆಳಗೆ ನೀರೂ ತಿರುಗಿತು. ಕಡೆಗೆ ಅಲ್ಲೊಂದು ಸುಳಿ ಬಾಯಿ ತೆರೆಯಿತು.

ಸುಳಿಯ ಒಳಗೋಡೆ ಕನ್ನಡಿಯಂತೆ ನುಣ್ಣಗಿತ್ತು. ಅದರಲ್ಲಿ ಇವರ ಹರಿಗೋಲು ತಲೆಕೆಳಗಾಗಿ ಕಾಣುತ್ತಿತ್ತು. ಕೆಂಚವ್ವ ಅದರಲ್ಲಿದ್ದವರನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಅಜ್ಜಿ, ನಾವು ಮೂರು ಜನ. ಕೆಳಗ ನಾಲ್ಕು ಜನ ಕೂತಾರ."

ಹಾಗೆಂದವಳೇ ಅಂಚಿನಿಂದ ಪೂರ್ತಿ ಬಾಗಿದಳು. ಗಾಳೆವ್ವ ಕೈಯಲ್ಲಿದ್ದದ್ದನ್ನು ಬಿಟ್ಟು ಅವಳ ಜಡೆ ಹಿಡಿದಳು. ಭರಮಪ್ಪ ಕಾಲು ಹಿಡಿದ. ಮೂವರೂ ಹರಿಗೋಲಿನ ತಳಕ್ಕೆ ಬಿದ್ದರು.

ಕೆಂಚವ್ವ ಅಳಲಿಲ್ಲ. ಇಬ್ಬರ ಮುಖವನ್ನೂ ನೋಡಿ ಕೇಳಿದಳು: "ನೀವು ಹುಡುಕೋದು ಯಾವ ಹುಟ್ಟು?"

ಎಲ್ಲದರ ಹುಟ್ಟು, ಇದೆಲ್ಲ ಮೊದಲಾದ ಜಾಗ ಎಂದ ಭರಮಪ್ಪ. ಗಾಳೆವ್ವ ಅವನನ್ನೇ ನೋಡಿದಳು.

"ಅಯ್ಯ, ನಾನು ದೋಣಿ ಹುಟ್ಟು ಅಂತಿದ್ದೆ. ಅದನ್ನ ಹಿಡಿದ ಕೈ ಯಾವುದು ನೋಡಬೇಕಂತಿದ್ದೆ."

ಸುಳಿ ತಿರುಗುತ್ತಲೇ ಇತ್ತು. ಭರಮಪ್ಪನಿಗೆ ಈಗ ಯಾವ ಚುಕ್ಕಿ ಯಾವ ಕಡೆಯದೆಂದು ಗೊತ್ತಾಗಲಿಲ್ಲ. ಗಾಳೆವ್ವನಿಗೆ ಸದ್ದು ಎಲ್ಲ ಕಡೆಯಿಂದಲೂ ಬರತೊಡಗಿತು.

ಆಗ ಭರಮಪ್ಪ ಮೊದಲ ಸಲ ಅಕ್ಕನ ಸದ್ದಿನ ಬಗ್ಗೆ ಕೇಳಿದ. ಪ್ರತಿ ದುಬುಕ್‌ಗೂ ನನ್ನ ಮೊಣಕಾಲು ತಟ್ಟು ಎಂದ. ಅವಳು ತಟ್ಟಿದಳು. ಒಂದು ತಟ್ಟಿಗೂ ಇನ್ನೊಂದಕ್ಕೂ ನಡುವೆ ಅವನು ಬೆರಳಿನಿಂದ ಗಂಟು ಎಣಿಸಿದ. ಹರಿಗೋಲು ಒಂದು ಕಡೆಗೆ ಹೋದಾಗ ನಡುವೆ ಹತ್ತು ಗಂಟು. ಇನ್ನೊಂದು ಕಡೆಗೆ ಹೋದಾಗ ಒಂಬತ್ತೇ. ಸದ್ದುಗಳು ಹತ್ತಿರ ಹತ್ತಿರ ಬಂದರೆ ನಾವು ಅದರತ್ತ ಹೋಗುತ್ತಿದ್ದೇವೆ ಎಂದರ್ಥ ಎಂದು ಅವನು ಅಕ್ಕನಿಗೆ ಹೇಳಿದ. ಅವಳು ಕೇಳಿ ತಟ್ಟಿದಳು, ಅವನು ಎಣಿಸಿ ಎಳೆದ. ಹರಿಗೋಲು ಸುಳಿಯಿಂದ ಹೊರಗೆ ಬಂತು.

ಎಷ್ಟು ದೂರ ಹೋದರೋ. ಗಾಳಿ ಹಿಂದೆ ಉಳಿಯಿತು. ಚುಕ್ಕಿಗಳೂ ಹಿಂದೆ ಉಳಿದವು. ಒಮ್ಮೆ ಗಾಳೆವ್ವನ ಕೈ ತಟ್ಟುವುದನ್ನು ನಿಲ್ಲಿಸಿತು. ಸದ್ದು ನಿಂತಿತ್ತು.

ಅಲ್ಲಿ ದೋಣಿ ಇರಲಿಲ್ಲ. ಕೈ ಇರಲಿಲ್ಲ. ಏನೂ ಇರಲಿಲ್ಲ. ನೀರಿನಲ್ಲಿ ಅವರ ನೆರಳೂ ಇರಲಿಲ್ಲ.

ಭರಮಪ್ಪ ಹೆದರುತ್ತಲೇ ನೀರಿಗೆ ಬೆರಳು ಇಟ್ಟ. ಬೆಚ್ಚಗಿತ್ತು. ಎಲ್ಲವೂ ಒಂದೇ ಕಡೆ ಒತ್ತಿಕೊಂಡು ಉರಿದಿದ್ದರ ಕಾವು ಇದು, ಇನ್ನೂ ಆರಿಲ್ಲ ಎಂದ. ಗಾಳೆವ್ವನೂ ಮುಟ್ಟಿದಳು. ಯಾರೋ ಬಹಳ ಹೊತ್ತು ಹಿಡಿದು, ಈಗತಾನೆ ಬಿಟ್ಟ ಹುಟ್ಟಿನ ಹಿಡಿಯೂ ಹೀಗೇ ಬೆಚ್ಚಗಿರುತ್ತದೆ ಎಂದಳು. ಅವನು ಅಲ್ಲ ಎನ್ನಲಿಲ್ಲ. ಅವನ ಮಾತಿಗೆ ಅವಳೂ ಅಲ್ಲ ಎನ್ನಲಿಲ್ಲ. ಇಬ್ಬರ ಬೆರಳಿಗೂ ಹತ್ತಿದ ಕಾವು ಒಂದೇ ಆಗಿತ್ತು.

"ಅವ್ವ ಇಲ್ಲಿಂದ ಬಂದಿದ್ದಳೇನು ಅಜ್ಜ?" ಎಂದು ಕೇಳಿದಳು ಕೆಂಚವ್ವ.

"ಎಲ್ಲಾರೂ ಇಲ್ಲಿಂದನೇ ಮಗಾ. ನಾನು, ನೀನು, ಆ ಚುಕ್ಕಿ."

"ಇಲ್ಲಿಗೇ ಹೋದಳೇನು?"

"ಅದು ನನ್ನ ಹಗ್ಗಕ್ಕ ಸಿಗವಲ್ದು."

ಕೆಂಚವ್ವ ಅಜ್ಜಿಯನ್ನು ನೋಡಿದಳು. ಗಾಳೆವ್ವ ಮೊಮ್ಮಗಳ ಕೈ ಹಿಡಿದು ನೀರಿಗೆ ಇಳಿಸಿದಳು, ತನ್ನ ಕೈಯನ್ನೂ ಪಕ್ಕದಲ್ಲೇ ಇಟ್ಟಳು. ಕೆಂಚವ್ವ ಬಹಳ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ತಾನಾಗಿಯೇ ಅಂಚಿನಿಂದ ಹಿಂದೆ ಸರಿದು, ಹಸಿವಾಗಿದೆ ಎಂದಳು.

ಹೊರಡುವಾಗ ಅವಳು ಒಂದು ಬೋಗುಣಿ ತುಂಬ ಆ ನೀರು ತುಂಬಿಕೊಂಡಳು. ದಾರಿಯುದ್ದಕ್ಕೂ ಕಪ್ಪು ನೀರಿಗೆ ಅದನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಬಂದಳು. ಬಹಳ ಕಾಲದ ಮೇಲೆ ಆಕಾಶ ಮೇಲಕ್ಕೆ ಹೋಯಿತು, ನದಿಗಳು ಕೆಳಗೆ ಉಳಿದವು. ಆ ಕಾವು ತೆಳ್ಳಗಾಗಿ ಎರಡರಲ್ಲೂ ಉಳಿಯಿತು.

ನೀರು ಗಾಳಿಗಿಂತ ನಿಧಾನವಾಗಿ ಆರುತ್ತದೆ ಎಂದು ನಿಮ್ಮ ಪುಸ್ತಕದಲ್ಲಿದೆ. ಅದು ನಿಜ, ಹಾಗೆಯೇ ಬರೆಯಿರಿ. ಆದರೆ ಮಾಗಿಯ ನಸುಕಿನಲ್ಲಿ ಹೊಳೆಗೆ ಹೋಗಿ, ಹೊಗೆಯಾಡುವ ನೀರಿನಲ್ಲಿ ಕೈ ಇಟ್ಟು ನೋಡಿ: ಮೈಯೆಲ್ಲ ನಡುಗುತ್ತಿದ್ದರೂ ಅದು ಬೆಚ್ಚಗಿರುತ್ತದೆ, ಈಗತಾನೆ ಯಾರೋ ಕೈ ಬಿಟ್ಟು ಹೋದ ಹಾಗೆ.