ಬಣ್ಣ ಬದಲಿಸದ ಮೊಳೆ

ಮರುಳಾರ್ಯರ ಆಶ್ರಮದಲ್ಲಿ ನಿಯಮವೆಂದು ಇದ್ದದ್ದು ಒಂದೇ: ಏನಾಯಿತೆಂದು ತಾನೇ ಅರಿಯುವ ಮೊದಲು ಅದರ ಹೆಸರು ಹೇಳಬಾರದು. ಒಂದು ದಿನ ಒಬ್ಬಳನ್ನು ಬಿಟ್ಟು ಎಲ್ಲರೂ ಅದನ್ನು ಮುರಿದರು. ಗುರುಗಳೂ ಮುರಿದರು.

ಹೊಳೆದಂಡೆಯ ಆ ಆಶ್ರಮದಲ್ಲಿ ಔಷಧಿ ಮಾಡುವವರು ತಯಾರಾಗುತ್ತಿದ್ದರು. ಮೊದಲ ಪಾಠ, ವಸ್ತುಗಳು ಬದಲಾಗುವ ಬಗೆ.

"ಎರಡು ಸೇರಿ ಒಂದಾದರೆ ಸಂಯೋಗ," ಎನ್ನುತ್ತಿದ್ದರು ಗುರುಗಳು. "ಒಂದು ಒಡೆದು ಹಲವಾದರೆ ವಿಭಜನೆ. ಒಬ್ಬ ಬಂದು ಕೂತವನನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂತರೆ ಪಲ್ಲಟ. ಎರಡು ಜೋಡಿಗಳು ಜೊತೆಗಾರರನ್ನು ಬದಲಿಸಿಕೊಂಡರೆ ಅದಲುಬದಲು. ಹೆಸರು ಸುಲಭ. ಗುರುತು ಹಿಡಿಯುವುದು ಕಷ್ಟ."

ಆ ದಿನ ಪಲ್ಲಟದ ಪಾಠ. ಗುರುಗಳು ಜಾಡಿಯಿಂದ ಹರಳು ತೆಗೆದು ನೀರಿನಲ್ಲಿ ಕರಗಿಸಿದರು. ಅದರೊಳಗೆ ಕಬ್ಬಿಣದ ಮೊಳೆಯೊಂದನ್ನು ಇಳಿಬಿಟ್ಟು ಕಾದರು.

ತಾಮ್ರದ ನೀಲಿ ಉಪ್ಪಾದ ಮೈಲುತುತ್ತದ ನೀರಾಗಿದ್ದರೆ ಮೊಳೆಯ ಮೇಲೆ ತಾಮ್ರ ಕೆಂಪಗೆ ಕೂರುತ್ತಿತ್ತು. ಆದರೆ ಬಟ್ಟಲಿನ ನೀರಿಗೆ ಬಣ್ಣವೇ ಇರಲಿಲ್ಲ. ಗುರುಗಳು ತೆಗೆದದ್ದು ಬಿಳಿ ಪಟಿಕದ ಜಾಡಿ.

ಶಿಷ್ಯೆ ಹೊನ್ನವ್ವ ಅದನ್ನು ನೋಡಿದಳು.

"ಕೆಂಪು ಹೊದಿಕೆ ಬಂದಿದೆ, ಅಲ್ಲವೇ?" ಎಂದರು ಗುರುಗಳು. ಅವರ ನೋಟ ಬಟ್ಟಲಿನ ಆಚೆ ಎಲ್ಲೋ ಇತ್ತು.

ಹಿರಿಯ ಶಿಷ್ಯ ತೋಂಟಪ್ಪ ತಡಮಾಡಲಿಲ್ಲ. "ಬಂದಿದೆ, ಗುರುಗಳೇ. ಪಲ್ಲಟ."

"ಪಲ್ಲಟವೇ," ಎಂದ ಪಕ್ಕದಲ್ಲಿದ್ದ ರುದ್ರಯ್ಯ. ಉಳಿದವರೂ ತಲೆಯಾಡಿಸಿದರು.

ಯಾರಿಗೂ ಕೇಡಿನ ಮನಸ್ಸಿರಲಿಲ್ಲ. ಕಣ್ಣು ಮಂಜಾದ ಗುರು ಪೀಠ ಬಿಟ್ಟು ಹೊಳೆ ದಾಟಿ ಹೋಗುವುದು ಅಲ್ಲಿನ ಪದ್ಧತಿ. ಅವರು ಹೋಗುವುದು ಯಾರಿಗೂ ಬೇಕಿರಲಿಲ್ಲ.

"ಹೊನ್ನವ್ವ, ನಿನ್ನ ದನಿ ಕೇಳಲಿಲ್ಲವಲ್ಲ?"

ಅವಳು ಬಾಗಿ ಮೊಳೆಯನ್ನು ಇನ್ನೊಮ್ಮೆ ನೋಡಿದಳು.

"ನಿನಗೇನು ಕಣ್ಣಿಲ್ಲವೇನೇ?" ತೋಂಟಪ್ಪ ಪಿಸುಗುಟ್ಟಿದ. "ಹೂಂ ಅನ್ನು."

"ಕಣ್ಣಿದೆ ತೋಂಟಪ್ಪಣ್ಣ. ಅದಕ್ಕೇ ಅನ್ನಲಾರೆ."

"ಒಂದು ಮೊಳೆಗೋಸ್ಕರ ಅವರನ್ನು ಓಡಿಸುತ್ತೀಯಾ?"

"ಇವತ್ತು ಮೊಳೆ. ನಾಳೆ ಪಟಿಕವೆಂದು ಮೈಲುತುತ್ತ ಕರಗಿಸಿದರೆ? ಆ ವಿಷದ ನೀರಿನಲ್ಲಿ ಬಾಯಿ ಮುಕ್ಕಳಿಸುವವರು ರೋಗಿಗಳು. ಆಗಲೂ ಹೂಂ ಅನ್ನೋಣವಾ?"

ಪಿಸುಮಾತು ಗುರುಗಳ ಕಿವಿಗೆ ಬಿದ್ದಿತ್ತು. ಕಿವಿ ಚುರುಕಾಗಿಯೇ ಇತ್ತು.

"ಹೇಳು ಮಗಳೇ," ಎಂದರು. "ಮೊಳೆ ಹೇಗಿದೆ?"

"ಹಾಕಿದ ಹಾಗೇ ಇದೆ, ಗುರುಗಳೇ. ಏನೂ ಆಗಿಲ್ಲ."

ಗುರುಗಳು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಆಗಿಲ್ಲದ್ದಕ್ಕೆ ನಾನೇ ಹೆಸರಿಟ್ಟೆ. ನೀವೆಲ್ಲ ಪ್ರೀತಿಯಿಂದ ಹೂಂ ಅಂದಿರಿ. ಪ್ರೀತಿಯಿಂದ ತಾಮ್ರ ಕೂರುವುದಿಲ್ಲ." ಅವರು ಕೋಲಿಗಾಗಿ ತಡಕಾಡಿದರು. "ರುದ್ರಯ್ಯ, ದೋಣಿಯವನನ್ನು ಕರಿ."

ರುದ್ರಯ್ಯ ಅಳುತ್ತಲೇ ಎದ್ದ.

"ಕೂತುಕೋ," ಎಂದಳು ಹೊನ್ನವ್ವ.

"ಪದ್ಧತಿ ಮಗಳೇ," ಎಂದರು ಗುರುಗಳು.

"ಅದಕ್ಕೂ ನಾನು ಹೂಂ ಅನ್ನುವುದಿಲ್ಲ."

ಅವಳು ಒಂದು ಮಡಕೆಗೆ ನೀರು ಹೊಯ್ದು ತಂದಳು. ಗೂಡಿನಲ್ಲಿ ಸುಟ್ಟ ಸುಣ್ಣದ ಕಲ್ಲಿನ ಚೂರೊಂದನ್ನು ಅದರಲ್ಲಿ ಹಾಕಿದಳು. ಗುರುಗಳ ಪಕ್ಕದಲ್ಲಿ ಕೂತು, ಅವರ ಕೈ ಹಿಡಿದು, ಅಂಗೈಯನ್ನು ಮಡಕೆಯ ಹೊರಮೈಗೆ ಒತ್ತಿದಳು.

"ಜಾಡಿಗಳನ್ನು ನಾವು ನೋಡಿ ಕೊಡುತ್ತೇವೆ. ಕಲಿಸುವವರು ನೀವೇ," ಎಂದಳು.

ಮಡಕೆಯೊಳಗೆ ನೀರು ಬುಸುಗುಟ್ಟಿತು. ಕಲ್ಲು ಬಿರಿಯುವ ಸದ್ದು. ಗುರುಗಳು ಕಿವಿ ಹತ್ತಿರ ತಂದರು. ಅವರ ಮುಖದ ಬಿಗಿ ಸಡಿಲಿತು. ಇನ್ನೊಂದು ಅಂಗೈಯನ್ನೂ ಅವರೇ ಮಡಕೆಗೆ ಆನಿಸಿದರು.

ತೋಂಟಪ್ಪನಿಗೆ ತಡೆಯಲಾಗಲಿಲ್ಲ. "ಗುರುಗಳೇ, ಇದು ಸಂಯೋ—"

"ತಡಿಯೋ," ಎಂದರು ಗುರುಗಳು. "ಇನ್ನೂ ಬಿಸಿಯಾಗುತ್ತಿದೆ."