ಕೆಂಚವ್ವನ ಬೀಸುಗುಡ್ಡ

ನಮ್ಮೂರ ಮೂಡಲಿಗಿರುವ ಗುಡ್ಡಕ್ಕೆ ಈಗ ಮೆಟ್ಟಿಲು ಬಂದಿವೆ, ಟಿಕೆಟ್ ಕೌಂಟರ್ ಬಂದಿದೆ, ತುದಿಯಲ್ಲಿ ಹೃದಯದ ಆಕಾರದ ಕಬ್ಬಿಣದ ಚೌಕಟ್ಟೂ ನಿಂತಿದೆ. ಬೋರ್ಡಿನ ಮೇಲೆ 'ಪ್ರೇಮಗಿರಿ' ಎಂದು ಬರೆಸಿದ್ದಾರೆ. ಹಿಂದೆ ಈ ಊರಾಳುತ್ತಿದ್ದ ದೇಸಾಯಿಗೆ ಮನಸ್ಸು ಕೊಟ್ಟ ಕೆಂಚವ್ವ ಅವನ ದಾರಿ ಕಾಯುತ್ತ ಇಲ್ಲೇ ಪ್ರಾಣ ಬಿಟ್ಟಳಂತೆ. ಯಾರ ಮುಂದೆ ಹೇಳಿಕೊಳ್ಳೋಣ? ನಾನು ಇದೇ ಊರಲ್ಲಿ ಹುಟ್ಟಿ, ಇಲ್ಲೇ ಹಲ್ಲು ಉದುರಿಸಿಕೊಂಡವಳು. ನಮ್ಮವ್ವ ಹೇಳಿದ್ದನ್ನು ಹೇಳುತ್ತೇನೆ. ಇದರ ಹೆಸರು ಬೀಸುಗುಡ್ಡ.

ಹಿಂದೆ ಒಮ್ಮೆ ದೇಸಾಯಿ ಕೋಟೆ ಕಟ್ಟಿಸುವಾಗ ಗೋಡೆ ಕುಸಿದು ಕೂಲಿಯವರು ಅಡಿಯಲ್ಲಿ ಸಿಕ್ಕಿ ಸತ್ತರು ಎನ್ನುತ್ತಾರೆ. ಅವನು ಹೆಣ ತೆಗೆಸಲಿಲ್ಲ. ಮೇಲೆಯೇ ಗೋಡೆ ಎಬ್ಬಿಸಿ, ಮೈಗಳ್ಳರು ಓಡಿಹೋದರೆಂದು ಡಂಗುರ ಸಾರಿಸಿದ. ಸತ್ತವರಲ್ಲಿ ಕೆಂಚವ್ವನ ತಮ್ಮನೂ ಇದ್ದ. ಅವಳು ದೇಸಾಯಿಯ ವಾಡೆಯಲ್ಲಿ ಜೋಳ ಬೀಸುವವಳು. ಬೀಸುವಾಗ ತವರಿನವರ ಹೆಸರು ಹಿಡಿದು ಹಾಡುವುದು ನಮ್ಮ ಹೆಂಗಸರ ಪದ್ಧತಿ. ಕೆಂಚವ್ವ ಗೋಡೆಯಡಿ ಹೋದವರ ಹೆಸರನ್ನೆಲ್ಲ ಹಾಡಿಗೆ ಹಾಕಿದಳು. 'ನನ್ನ ಹೆಸರು ಹಾಡು, ಇಲ್ಲ ಬಾಯಿ ಮುಚ್ಚು' ಎಂದ ದೇಸಾಯಿ. ಅವಳು ತನ್ನ ಮನೆಯ ಬೀಸುಕಲ್ಲನ್ನು ಗುಡ್ಡಕ್ಕೆ ಹೊತ್ತೊಯ್ದಳು. ಅಲ್ಲಿಂದ ಹಾಡಿದರೆ ಊರಿಗೆಲ್ಲ ಕೇಳುತ್ತದೆ. ಆಳುಗಳು ಬಂದು ಕಾಳು ಕಸಿದರು, ಬರಿಗಲ್ಲು ತಿರುಗಿಸಿದಳು. ಕಲ್ಲಿನ ಹಿಡಿಗೂಟ ಮುರಿದರು, ಅಂಗೈಯಿಂದ ನೂಕಿದಳು. ಒಂದು ಬೆಳಗ್ಗೆ ದನಿ ನಿಂತಿತು. ಅವಳನ್ನು ಏನು ಮಾಡಿದರೆಂದು ಗೊತ್ತಿದ್ದವರು ಬಾಯಿ ಬಿಡಲಿಲ್ಲ. ಆದರೆ ಕಲ್ಲನ್ನು ಊರ ಹೆಂಗಸರು ನಿಲ್ಲಗೊಡಲಿಲ್ಲ.

ಅಂದಿನಿಂದ ಗಂಡನ ಮನೆಗೆ ಹೊರಟ ಹುಡುಗಿ ಮೊದಲು ಗುಡ್ಡ ಹತ್ತಿ, ಬರಿಗಲ್ಲನ್ನು ಅಂಗೈಯಿಂದ ತಿರುಗಿಸುತ್ತ, ಆ ಕೂಲಿಯವರ ಹೆಸರನ್ನೂ ತನ್ನ ಮನೆಯಲ್ಲಿ ತೀರಿಕೊಂಡವರ ಹೆಸರನ್ನೂ ಹೇಳಬೇಕು. ಕಲ್ಲು ತಿರುಗದೆ ಹೆಸರು ಹೇಳುವಂತಿಲ್ಲ. ನಾನು ಹೇಳಿದ್ದೆ, ನನ್ನ ಮಗಳು ಶಾಂತವ್ವ ಹೇಳಿದ್ದಳು. ಅವಳು ಈಗಿಲ್ಲ. ಹೋದ ಮಾಘದಲ್ಲಿ ಅವಳ ಮಗಳು ನೀಲವ್ವನ ಮದುವೆ. ಶಾಂತವ್ವನ ಹೆಸರು ಮೊದಲ ಸಲ ಆ ಗುಡ್ಡದ ಮೇಲೆ ಕೇಳಬೇಕಿತ್ತು. ನಾವಿಬ್ಬರೂ ಟಿಕೆಟ್ ತೆಗೆದುಕೊಂಡೇ ಹತ್ತಿದೆವು. ನೀಲವ್ವ ನೂಕಿದಳು, ಕಲ್ಲು ಕದಲಲಿಲ್ಲ. ನಾನೂ ಕೈ ಹಚ್ಚಿದೆ.

'ಬಂದವರ ಬೆರಳು ಸಿಕ್ಕೀತಂತ ಸಿಮೆಂಟ್ ಹಾಕ್ಸ್ಯಾರ, ಆಯಿ' ಎಂದ ಗೈಡ್ ಸಿದ್ರಾಮ. ಅವನು ನಮ್ಮ ಓಣಿಯವನೇ.

'ನಿಮ್ಮವ್ವನೂ ಇದನ್ನ ತಿರುಗಿಸ್ಯಾಳ. ಮತ್ತ ನೀ ಮಂದಿಗೆ ಪ್ರೇಮದ ಕಥಿ ಹೇಳ್ತಿ?'

'ಬೋರ್ಡಿನ್ಯಾಗ ಇದ್ದದ್ದು ಹೇಳಾಕ ಪಗಾರ ಕೊಡ್ತಾರ, ಆಯಿ' ಎಂದು ಅವನು ಮುಖ ತಿರುಗಿಸಿದ. ಅಷ್ಟರಲ್ಲಿ ಪ್ರವಾಸಕ್ಕೆ ಬಂದ ಹೆಂಗಸೊಬ್ಬಳು, ಕೈ ಹಾಗೇ ಇಟ್ಟು ಸ್ವಲ್ಪ ನಗು ಎಂದು ನೀಲವ್ವನ ಫೋಟೋ ತೆಗೆದಳು.

ಈಗಲೂ ಹೋದವರಿಗೆ ಆ ಕಲ್ಲು ಕಾಣುತ್ತದೆ. ಅಂಚಿನಲ್ಲಿ ನಮ್ಮ ಹೆಂಗಸರ ಅಂಗೈ ಸವೆಸಿದ ತಗ್ಗಿದೆ; ಪ್ರೇಮಿಯ ಕೈಗುರುತೆಂದು ಜೋಡಿಗಳು ಅದರಲ್ಲಿ ಕೈಯಿಟ್ಟು ನಿಲ್ಲುತ್ತವೆ. ದೇಸಾಯಿಯ ಕೈಲಿ ನಿಲ್ಲಿಸಲಾಗದ್ದನ್ನು ಇವರು ಒಂದು ಬುಟ್ಟಿ ಸಿಮೆಂಟಿನಲ್ಲಿ ನಿಲ್ಲಿಸಿದರು. ನೀಲವ್ವ ಅವ್ವನ ಹೆಸರು ಹೇಳದೆಯೇ ಗಂಡನ ಮನೆಗೆ ಹೋದಳು.